ಹಳೇ ಹಕ್ಕಿ, ಹುಳುಗಳ ಚಿತ್ರಗಳು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ಬಹಳ ವರ್ಷ ಡ್ರಾಯಿಂಗ್ ಮಾಸ್ತರಾಗಿದ್ದೆ. ಈಗ ಕಾರವಾರದಲ್ಲಿ ಮನೆ. ಹಳೇ ಕಾಲದ ಹಕ್ಕಿ, ಚಿಟ್ಟೆ, ಹುಳುಗಳ ಚಿತ್ರ ಕೂಡಿಡುವ ಹುಚ್ಚು ನನಗಿದೆ ಅಂತ ಊರಿಗೆಲ್ಲ ಗೊತ್ತಾಗಿಬಿಟ್ಟಿದೆ. ಹಾಗಾಗಿ ಮದುವೆ ಮನೆಯಲ್ಲಿ ಸಿಕ್ಕರೂ, ಮೀನು ಪೇಟೆಯಲ್ಲಿ ಸಿಕ್ಕರೂ ಜನ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಲ್ವಾ? ಅದಕ್ಕೇ ಇದು.

ಮೊದಲಿಗೆ, ಯಾವ ಚಿತ್ರಗಳ ಬಗ್ಗೆ ಮಾತಾಡುತ್ತಿದ್ದೀರಿ?

ಕ್ಯಾಮೆರಾ ಕಾಡಿಗೆ ಹೋಗುವಷ್ಟು ಹಗುರ ಆಗುವ ಮೊದಲು, ಒಂದು ಹಕ್ಕಿ ಹೀಗಿದೆ ಅಂತ ದೂರದವರಿಗೆ ತಿಳಿಸಲು ಬರೆದೇ ತೋರಿಸಬೇಕಿತ್ತು. ಗೋಡೆಯ ಚಂದಕ್ಕೆ ಬರೆದ ಚಿತ್ರಗಳಲ್ಲ ಇವು. ಕೊಕ್ಕು ಎಷ್ಟು ಉದ್ದ, ರೆಕ್ಕೆಯ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ, ಹುಳುವಿನ ಮೈಮೇಲೆ ಎಷ್ಟು ಚುಕ್ಕೆ ಅಂತ ಲೆಕ್ಕ ಒಪ್ಪಿಸುವ ಚಿತ್ರಗಳು. ಚಂದ ಆಗಿರುವುದು ಬರೆದವರ ಕೈಗುಣ.

ಇದನ್ನು ಇಲ್ಲಿ ಶುರು ಮಾಡಿದ್ದು ಬ್ರಿಟಿಷರಾ?

ಅಲ್ಲ. ಈ ಪ್ರಶ್ನೆ ಬಂದಾಗೆಲ್ಲ ನಾನು ಟರ್ಕಿ ಕೋಳಿಯ ಕಥೆ ಹೇಳುತ್ತೇನೆ. 1612ರಲ್ಲಿ ಮೊಗಲ್ ಬಾದಶಹ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ಕೆಲವು ವಿಚಿತ್ರ ಪ್ರಾಣಿಗಳನ್ನು ಕೊಂಡು ತಂದ. ನಮ್ಮ ಕಾಳಿ ನದಿ ದಾಟಿ ಮಾಜಾಳಿ ಕಳೆದರೆ ಸಿಗುವ ಅದೇ ಗೋವಾ, ಆಗ ಪೋರ್ಚುಗೀಸರ ಕೈಯಲ್ಲಿತ್ತು. ಆ ಪ್ರಾಣಿಗಳಲ್ಲಿ ಅಮೆರಿಕದಿಂದ ಹಡಗು ಹತ್ತಿ ಬಂದ ಟರ್ಕಿ ಕೋಳಿಯೂ ಇತ್ತು. ಜಹಾಂಗೀರ ಅದನ್ನು ಗಂಟೆಗಟ್ಟಲೆ ನೋಡಿರಬೇಕು. ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು, ಕೆರಳಿದಾಗ ತಲೆ ಕತ್ತು ಹವಳದ ಹಾಗೆ ಕೆಂಪಾಗುತ್ತದೆ ಅಂತ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಇನ್ನೊಂದು ಮಾತೂ ಅಲ್ಲಿದೆ: ಮುತ್ತಾತ ಬಾಬರ್ ಪ್ರಾಣಿಗಳ ಬಗ್ಗೆ ಬರೆದ, ಆದರೆ ಚಿತ್ರ ಬರೆಸಲಿಲ್ಲ, ನಾನು ಬರೆಸುತ್ತಿದ್ದೇನೆ, ಅಂತ. ಆ ಟರ್ಕಿಯನ್ನು ಬರೆದವನು ಉಸ್ತಾದ್ ಮನ್ಸೂರ್. ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕತ್ತಿನ ಜೋಲು ಚರ್ಮದ ಸುಕ್ಕುಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಬದುಕಿದ್ದ ಹಕ್ಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು ಅಂತ ಯಾರೂ ಹೇಳಬೇಕಾಗಿಲ್ಲ.

ಉತ್ತರ ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ಜಾಸ್ತಿ ಇದೆ. ಅದರಲ್ಲೂ ಚಿಟ್ಟೆಗಳ ವಿಷಯದಲ್ಲಿ.

1862ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಕೈಬಿಟ್ಟು ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರ. ಆ ಶತಮಾನದ ಕೊನೆಯಲ್ಲಿ ಮೂವರು ಸರ್ಕಾರಿ ನೌಕರರು ಈ ಸೀಮೆಯಲ್ಲಿ ಒಟ್ಟಾದರು. ಜೇಮ್ಸ್ ಡೇವಿಡ್ಸನ್ ಕಲೆಕ್ಟರ್. ಟಿ. ಆರ್. ಬೆಲ್ ಅರಣ್ಯ ಇಲಾಖೆಯವರು. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ ಎಂಟು ಜನರಲ್ಲಿ ಈ ಏಟ್ಕನ್ ಒಬ್ಬರು. ಆ ಎಂಟರಲ್ಲಿ ಆತ್ಮಾರಾಮ್ ಪಾಂಡುರಂಗ್, ಸಖಾರಾಮ್ ಅರ್ಜುನ್ ಅನ್ನುವ ಇಬ್ಬರು ನಮ್ಮವರೂ ಇದ್ದರು. ಇದನ್ನು ಸುಮಾರು ಜನ ಮರೆತೇಬಿಡುತ್ತಾರೆ.

ಈ ಮೂವರೂ ಕೂಡಿ ನಾರ್ತ್ ಕೆನರಾ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಒಂದು ಉದ್ದದ ಲೇಖನ ಬರೆದರು. ಸೊಸೈಟಿಯ ಪತ್ರಿಕೆಯಲ್ಲಿ 1896ರಿಂದ 1898ರವರೆಗೆ ಕಂತುಗಳಲ್ಲಿ ಬಂತು. ಅದರ ವಿಶೇಷ ಏನೆಂದರೆ, ಇವರು ಬಲೆ ಬೀಸಿ ಚಿಟ್ಟೆ ಹಿಡಿದು ಸೂಜಿ ಚುಚ್ಚಿ ಸುಮ್ಮನಾಗಲಿಲ್ಲ. ಹುಳುಗಳನ್ನು ಹುಡುಕಿ ತಂದು, ಅವು ತಿನ್ನುವ ಎಲೆಯನ್ನೇ ತಂದುಹಾಕಿ, ಸಾಕಿದರು. ಮೊಟ್ಟೆ, ಹುಳು, ಕೋಶ, ಚಿಟ್ಟೆ, ಹೀಗೆ ಪೂರಾ ಬಾಳುವೆ ಬರೆದಿಟ್ಟರು. ಒಬ್ಬ ಕಲೆಕ್ಟರ್ ಸಾಹೇಬರ ಬಂಗಲೆಯಲ್ಲಿ ಎಲೆ ಬದಲಿಸುವ ಕೆಲಸ ಯಾರ ಪಾಲಿಗೆ ಬಂದಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಕಲೆಕ್ಟರರಂತೂ ಪ್ರತಿದಿನ ಮಾಡಿರಲಿಕ್ಕಿಲ್ಲ.

ಬೆಲ್ ಅವರು ಚೀಫ್ ಕನ್ಸರ್ವೇಟರ್ ಆಗಿ ನಿವೃತ್ತರಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲೇ ಉಳಿದರು. 1937ರಲ್ಲಿ ಎಫ್. ಬಿ. ಸ್ಕಾಟ್ ಜೊತೆ ಭಾರತದ ಹಾಕ್ ಪತಂಗಗಳ ಬಗ್ಗೆ ಬರೆದ ದೊಡ್ಡ ಸಂಪುಟ ಬಂತು. ರಾತ್ರಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ದಪ್ಪ ಪತಂಗ ಇದೆಯಲ್ಲ, ಅದರ ಬಳಗ. ಬೆಲ್ ತೀರಿಕೊಂಡದ್ದು 1948ರಲ್ಲಿ.

ಏಟ್ಕನ್ ಹೆಸರು ಮಾತ್ರ ಒಂದು ಸೊಳ್ಳೆಗೆ ಅಂಟಿಕೊಂಡಿದೆ. ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಪೇದೆಗಳನ್ನು ಮಲೇರಿಯಾ ಕಾಡುತ್ತಿದ್ದಾಗ ಅದರ ಕಾರಣ ನೋಡಲು ಅವರನ್ನು ಕಳಿಸಿದ್ದರು. ಅಲ್ಲಿ ಸಿಕ್ಕ ಹೊಸ ಸೊಳ್ಳೆಗೆ ಅನಾಫಿಲಿಸ್ ಏಟ್ಕೆನಿ ಅಂತ ಹೆಸರಾಯಿತು. ನವಿಲಿಗೋ ಚಿಟ್ಟೆಗೋ ಹೆಸರು ಇಡಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಇವರ ಪಾಲಿಗೆ ಸೊಳ್ಳೆ!

ಮುಂಬೈ ಸೊಸೈಟಿಯ ಗುರುತಿನಲ್ಲಿರುವ ಮಂಗಟ್ಟೆ ಹಕ್ಕಿ ಕಾರವಾರದ್ದಂತೆ, ಹೌದಾ?

ಹೌದು. ಅದರ ಹೆಸರು ವಿಲಿಯಂ. 1894ರ ಮೇ ತಿಂಗಳಲ್ಲಿ ಹುಟ್ಟಿದ ಮರಿ. ಮೂರು ತಿಂಗಳಿದ್ದಾಗ ಕಾರವಾರದ ಇಂಗಲ್ ಅನ್ನುವವರು ಅದನ್ನು ಸೊಸೈಟಿಗೆ ಕೊಟ್ಟರು. ಮುಂಬೈಯ ಅಪೊಲೊ ಸ್ಟ್ರೀಟಿನ ಕಚೇರಿಯಲ್ಲಿ, ಕಾರ್ಯದರ್ಶಿ ಮಿಲ್ಲರ್ಡ್ ಅವರ ಕುರ್ಚಿಯ ಹಿಂದಿನ ಪಂಜರದಲ್ಲಿ, 26 ವರ್ಷ ಬದುಕಿತು. ನಾಲ್ಕಡಿಗೂ ಉದ್ದದ ಈ ಹಕ್ಕಿಯನ್ನು ತಮಾಷೆಗೆ ಆಫೀಸಿನ ಕ್ಯಾನರಿ ಅಂತ ಕರೆಯುತ್ತಿದ್ದರಂತೆ. ಒಮ್ಮೆ ಉರಿಯುವ ಸಿಗಾರನ್ನೇ ನುಂಗಿ ಅರಗಿಸಿಕೊಂಡಿತ್ತು. 1920ರಲ್ಲಿ ತಂತಿಯ ತುಂಡು ನುಂಗಿ ಸತ್ತಿತು ಅಂತ ಒಂದು ಮಾತು. ಮಿಲ್ಲರ್ಡ್ ದೇಶ ಬಿಟ್ಟುಹೋದ ಕೊರಗಿಗೆ ಸತ್ತಿತು ಅಂತ ಅದನ್ನು ಕಂಡವರೊಬ್ಬರ ಮಾತು. ಸೊಸೈಟಿಯ ಗುರುತಿನ ಮಂಗಟ್ಟೆಗೆ ಮಾದರಿ ಇದೇ. ಮುಂಬೈಯ ಅವರ ಕಟ್ಟಡಕ್ಕೂ ಹಾರ್ನ್‌ಬಿಲ್ ಹೌಸ್ ಅಂತಲೇ ಹೆಸರು.

ದಾಂಡೇಲಿ ಕಡೆ ಮಂಗಟ್ಟೆ ನೋಡಲು ಬರುವವರಿಗೆ ಈ ಕಥೆ ಹೇಳಿ ನೋಡಿ. ಕಣ್ಣರಳಿಸುತ್ತಾರೆ.

ಹುಳುವಿನ ಚಿತ್ರಗಳಲ್ಲಿ ಗಿಡವೂ ಯಾಕೆ ಇರುತ್ತದೆ?

ಹುಳುವಿಗೆ ಗಿಡವೇ ವಿಳಾಸ. ಇದನ್ನು ಚಿತ್ರದಲ್ಲಿ ಗಟ್ಟಿಯಾಗಿ ನಿಲ್ಲಿಸಿದವರು ಮರಿಯಾ ಸಿಬಿಲ್ಲಾ ಮೇರಿಯನ್. 1699ರಲ್ಲಿ, ತಮ್ಮ 52ನೇ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು. ಎರಡು ವರ್ಷ ಹುಳು ಸಾಕಿ ಬರೆದರು. 1705ರಲ್ಲಿ 60 ಚಿತ್ರಗಳ ಪುಸ್ತಕ ತಂದರು. ಒಂದೇ ಹಾಳೆಯಲ್ಲಿ ಗಿಡ, ಅದನ್ನು ತಿನ್ನುವ ಹುಳು, ಕೋಶ, ಪತಂಗ. ಎಲೆಯಲ್ಲಿ ಹುಳು ಕಚ್ಚಿದ ತೂತುಗಳೂ ಇವೆ.

ನಿಮ್ಮ ಹಿತ್ತಲಲ್ಲೇ ಇದನ್ನು ನೋಡಬಹುದು. ನಮ್ಮ ಮನೆಯ ಬಾವಿ ಪಕ್ಕ ಒಂದು ಕರಿಬೇವಿನ ಗಿಡ ಇದೆ. ಚಿಗುರೆಲೆಯ ಮೇಲೆ ಸಾಸಿವೆ ಗಾತ್ರದ, ತಿಳಿ ಹಳದಿ ಮೊಟ್ಟೆ. ಅದರಿಂದ ಬರುವ ಹುಳು ಥೇಟ್ ಹಕ್ಕಿ ಹಿಕ್ಕೆ. ಕಂದು ಮೈ, ಮಧ್ಯೆ ಬಿಳಿ ತೇಪೆ, ಮೇಲೆ ಒದ್ದೆ ಹೊಳಪು. ಹಕ್ಕಿ ತನ್ನ ಹಿಕ್ಕೆಯನ್ನು ತಿನ್ನುತ್ತದಾ? ಇಲ್ಲ, ಹುಳು ಬಚಾವ್. ಹೀಗೆ ಮೂರ್ನಾಲ್ಕು ಸಲ ಪೊರೆ ಬಿಡುತ್ತದೆ. ಕೊನೆಯ ಪೊರೆ ಕಳಚಿದ ಬೆಳಿಗ್ಗೆ ನೋಡಿದರೆ ಹುಳು ಹಚ್ಚ ಹಸಿರು, ಹೆಗಲ ಮೇಲೆ ಎರಡು ಸುಳ್ಳು ಕಣ್ಣು. ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೋಡು ಹೊರಗೆ ಬರುತ್ತದೆ. ಜೊತೆಗೆ ಮೂಗಿಗೆ ಹೊಡೆಯುವ ವಾಸನೆ. ಇದು ಕಾಮನ್ ಮಾರ್ಮನ್ ಚಿಟ್ಟೆಯ ಹುಳು.

ಈ ಚಿಟ್ಟೆಯ ಹೆಣ್ಣುಗಳು ಎಲ್ಲಾ ಒಂದೇ ಥರ ಇರುವುದಿಲ್ಲ. ಕೆಲವು ಗಂಡಿನ ಹಾಗೆ. ಇನ್ನು ಕೆಲವು, ಹಕ್ಕಿಗಳಿಗೆ ರುಚಿಸದ ಕೆಂಪು ಮೈಯ ರೋಸ್ ಚಿಟ್ಟೆಗಳ ವೇಷ ಹಾಕುತ್ತವೆ. ಸತ್ತ ಚಿಟ್ಟೆಗಳನ್ನಷ್ಟೇ ಸಾಲಾಗಿಟ್ಟು ಬರೆದರೆ ಇವು ಬೇರೆ ಬೇರೆ ಜಾತಿ ಅಂತಲೇ ಅನಿಸುತ್ತದೆ. ಒಂದೇ ತಾಯಿಯ ಮೊಟ್ಟೆಗಳನ್ನು ಸಾಕಿದಾಗ ಮಾತ್ರ ಅಕ್ಕತಂಗಿಯರು ಅಂತ ಗೊತ್ತಾಗುವುದು. ಕಾರವಾರದ ಆ ಮೂವರ ಕೆಲಸಕ್ಕೆ ಬೆಲೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಹಳೇ ಚಿತ್ರಗಳನ್ನು ಎಷ್ಟು ನಂಬಬಹುದು?

ನಾನು ಯಾವ ಚಿತ್ರ ಕೈಗೆ ಬಂದರೂ ಕೇಳುವ ಪ್ರಶ್ನೆ ಒಂದೇ: ಬರೆದವರು ಇದನ್ನು ಜೀವಂತ ನೋಡಿದ್ದರಾ?

ನೋಡದೆ ಬರೆದಾಗ ಏನೇನಾಗಿದೆ ಅಂತ ಹೇಳುತ್ತೇನೆ. ನ್ಯೂಗಿನಿಯ ಸ್ವರ್ಗದ ಹಕ್ಕಿಯ ಚರ್ಮಗಳು ಯುರೋಪಿಗೆ ಕಾಲು ಕತ್ತರಿಸಿ ಬರುತ್ತಿದ್ದವು. ಕಾಲೇ ಇಲ್ಲದ ಹಕ್ಕಿ, ಸದಾ ಆಕಾಶದಲ್ಲೇ ಇರುತ್ತದೆ ಅಂತ ಕಥೆ ಹುಟ್ಟಿತು. 1758ರಲ್ಲಿ ಲಿನೇಯಸ್ ಇಟ್ಟ ವೈಜ್ಞಾನಿಕ ಹೆಸರಿನಲ್ಲೂ ಕಾಲಿಲ್ಲದ್ದು ಅನ್ನುವ ಅರ್ಥವೇ ಉಳಿದಿದೆ. ಫ್ರಾನ್ಸಿನ ಸೊನೆರಾ ಅಂತೂ 1776ರಲ್ಲಿ ನ್ಯೂಗಿನಿಯಲ್ಲಿ ಪೆಂಗ್ವಿನ್ ಇವೆ ಅಂತ ಚಿತ್ರ ಸಮೇತ ಅಚ್ಚು ಹಾಕಿಸಿದ. ಅದೇ ಪುಸ್ತಕದ ಕೂಕಬರಾ ಹಕ್ಕಿ ಆಸ್ಟ್ರೇಲಿಯಾದ್ದು. ಆದರೆ ಅದರ ವೈಜ್ಞಾನಿಕ ಹೆಸರಿನಲ್ಲಿ ಇವತ್ತಿಗೂ ನ್ಯೂಗಿನಿಯೇ ಕೂತಿದೆ. ಇದೇ ಸೊನೆರಾ ಹೆಸರು ನಮ್ಮ ಬೂದು ಕಾಡುಕೋಳಿಗೂ ಇದೆ, 1813ರಲ್ಲಿ ಟೆಮಿಂಕ್ ಇಟ್ಟದ್ದು. ಬೆಳಗಿನ ಜಾವ ಯಲ್ಲಾಪುರ ಘಟ್ಟದಲ್ಲಿ ಕೂಗುವ ಕೋಳಿಗೆ ಹೀಗೊಬ್ಬ ಗಂಟುಬಿದ್ದ.

ಹಾಗಂತ ಎಲ್ಲ ಅನುಮಾನವೂ ಸರಿಯಲ್ಲ. ಜೇಡ ಹಕ್ಕಿ ತಿನ್ನುವ ಚಿತ್ರ ಬರೆದದ್ದಕ್ಕೆ ಮೇರಿಯನ್‌ರನ್ನು ಸತ್ತ ನೂರು ವರ್ಷದ ಮೇಲೂ ಆಡಿಕೊಂಡರು. 1863ರಲ್ಲಿ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಕಣ್ಣಾರೆ ಕಂಡು ಬರೆದ ಮೇಲೆ ಬಾಯಿ ಮುಚ್ಚಿದರು.

ಮಂಗಟ್ಟೆಯನ್ನೇ ತೆಗೆದುಕೊಳ್ಳಿ. ಅದರ ಕತ್ತಿನ, ಕೊಕ್ಕಿನ ಮೇಲಿನ ಹಳದಿ ಅರ್ಧ ಮೇಕಪ್ಪು. ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಗೆ ಕೊಕ್ಕು ಉಜ್ಜಿ ಬಿಳಿ ಗರಿಗೆ ಬಳಿದುಕೊಳ್ಳುತ್ತದೆ. ಕಣ್ಣಿನ ಬಣ್ಣವೂ ಗಂಡಿಗೆ ಕೆಂಪು, ಹೆಣ್ಣಿಗೆ ಬೆಳ್ಳಗೆ. ಹತ್ತಿ ತುಂಬಿದ ಚರ್ಮದಲ್ಲಿ ಕಣ್ಣೇ ಇರುವುದಿಲ್ಲ. ಎಣ್ಣೆಯ ಹಳದಿ ಕ್ರಮೇಣ ಮಾಸುತ್ತದೆ. ಲಂಡನ್ನಿನಲ್ಲಿ ಕೂತು ಬರೆದವರು ಇಲ್ಲಿ ಎಡವಿದರೆ ತಪ್ಪು ಅವರದ್ದಲ್ಲ. ಎಲಿಜಬೆತ್ ಗೋಲ್ಡ್ 1830ರ ದಶಕದ ಆರಂಭದಲ್ಲಿ ಹಿಮಾಲಯದ ಹಕ್ಕಿಗಳ 80 ಚಿತ್ರಗಳನ್ನು ಅಚ್ಚು ಹಾಕುವ ಕಲ್ಲಿನ ಮೇಲೆ ಬರೆದರು. ಹಿಮಾಲಯ ನೋಡಿದವರಲ್ಲ, ಹಕ್ಕಿಯ ಚರ್ಮ ನೋಡಿ ಬರೆದವರು. ಗರಿಗಳ ಜೋಡಣೆಯಲ್ಲಿ ಹುಳುಕು ಹುಡುಕುವುದು ಕಷ್ಟ. ನಿಲುವಿನಲ್ಲಿ ಮಾತ್ರ ಒಂದು ಬಿಗಿ ಇದೆ, ಫೋಟೋ ಸ್ಟುಡಿಯೋದಲ್ಲಿ ಕೂರಿಸಿದ ಮದುಮಗಳ ಹಾಗೆ.

ಕಾಕರಣೆ ಹಕ್ಕಿಯ (ಮಲಬಾರ್ ಟ್ರೋಗನ್) ಮೊದಲ ಚಿತ್ರ ನಮ್ಮ ಕಾಡಿನದ್ದಾ?

ಅಲ್ಲ, ಸಿಂಹಳದ್ದು. ಅಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೋಟೆನ್, 1750ರ ದಶಕದಲ್ಲಿ ಪೀಟರ್ ಡಿ ಬೆವೆರೆ ಅನ್ನುವ ಕಲಾವಿದನಿಂದ ಹಕ್ಕಿಗಳನ್ನು ಬರೆಸಿದ. ಆ ಸಂಗ್ರಹ ನೋಡಿ ಇಂಗ್ಲೆಂಡಿನ ಪೆನೆಂಟ್ 1769ರಲ್ಲಿ ಈ ಹಕ್ಕಿಗೆ ಹೆಸರಿಟ್ಟ. ಉದ್ದ ಕೊಕ್ಕಿನ ಲೋಟೆನ್ ಸೂರಕ್ಕಿಯೂ ಅದೇ ಗವರ್ನರನ ಹೆಸರು ಹೊತ್ತದ್ದು.

ಬರೆದವರ ಹೆಸರು ಯಾಕೆ ಸಿಗುವುದಿಲ್ಲ?

ದುಡ್ಡು ಕೊಟ್ಟವರ ಹೆಸರು ಮುಖಪುಟಕ್ಕೆ, ಬರೆದವರ ಹೆಸರು ಎಲ್ಲಿಗೂ ಇಲ್ಲ. ಇದು ನನಗೆ ಬೇಜಾರಿನ ವಿಷಯ. ಟಿ. ಸಿ. ಜೆರ್ಡನ್ 1840ರ ದಶಕದಲ್ಲಿ ಮದ್ರಾಸಿನಿಂದ 50 ಹಕ್ಕಿ ಚಿತ್ರಗಳ ಪುಸ್ತಕ ತಂದರು. ಬಹುಪಾಲು ಕೈಚಳಕ ಇಲ್ಲಿನ ಕಲಾವಿದರದ್ದು. ಪುಸ್ತಕಕ್ಕೆ ಹೆಸರು ಜೆರ್ಡನ್ನರದ್ದು.

ಕಲ್ಕತ್ತಾದ ಮೇರಿ ಇಂಪೆ ಅವರ ಸಂಗ್ರಹ ಸ್ವಲ್ಪ ಬೇರೆ. 1777ರಿಂದ 1782ರವರೆಗೆ ತಮ್ಮ ತೋಟದಲ್ಲಿ ಸಾಕಿದ್ದ ಪ್ರಾಣಿ ಪಕ್ಷಿಗಳನ್ನು ಪಾಟ್ನಾದ ಮೂವರಿಂದ ಬರೆಸಿದರು. 300ಕ್ಕೂ ಹೆಚ್ಚು ಚಿತ್ರ. ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಅಂತ ಹೆಸರುಗಳು ಚಿತ್ರದ ಮೇಲೇ ಇವೆ. ಜೈನುದ್ದೀನ್ ಬರೆದ ಹಕ್ಕಿಗಳ ಕಾಲುಗುರು ನೋಡಿ ನಾನು ಒಮ್ಮೆ ನನ್ನ ಬ್ರಷ್ ಕೆಳಗಿಟ್ಟಿದ್ದೆ, ಎರಡು ದಿನ ಮುಟ್ಟಲಿಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ಒಂದು ಚಿತ್ರ ಸಿಕ್ಕಿದೆ. ಅಸಲಿಯಾ?

ಸುಮ್ನೆ ಒಂದು ಭೂತಗನ್ನಡಿ ತನ್ನಿ. ಬಣ್ಣದ ಜಾಗ ನೋಡಿ. ಸಾಲು ಸಾಲು ಪುಟ್ಟ ಚುಕ್ಕೆಗಳು ಕಂಡರೆ ಅದು ಮುದ್ರಣ ಯಂತ್ರದ ಕೆಲಸ, ಪುಸ್ತಕದ್ದೋ ಕ್ಯಾಲೆಂಡರಿನದ್ದೋ ಇರುತ್ತದೆ. ಚುಕ್ಕೆ ಇಲ್ಲದೆ ಗೆರೆ ಕಪ್ಪಗಿದ್ದು, ಬಣ್ಣ ಅಲ್ಲಲ್ಲಿ ಗೆರೆ ದಾಟಿದ್ದರೆ, ಅಚ್ಚಾದ ಮೇಲೆ ಕೈಯಲ್ಲಿ ಬಣ್ಣ ತುಂಬಿದ್ದು ಇರಬಹುದು. ತಾಮ್ರದ ತಗಡಿನಿಂದ ಅಚ್ಚಾಗಿದ್ದರೆ ಚಿತ್ರದ ಸುತ್ತ ಕಾಗದ ಒತ್ತಿದ ಚೌಕದ ಗುರುತು ಬೆರಳಿಗೆ ಸಿಗುತ್ತದೆ. ಕಲ್ಲಚ್ಚಿನಲ್ಲಿ ಆ ಗುರುತು ಇರುವುದಿಲ್ಲ, ಗೆರೆ ಬಳಪದಲ್ಲಿ ಬರೆದ ಹಾಗೆ ಒರಟಾಗಿರುತ್ತದೆ. ಹಕ್ಕಿಯ ಕಣ್ಣನ್ನು ಓರೆ ಬೆಳಕಿಗೆ ಹಿಡಿಯಿರಿ. ಅಂಟು ಹಚ್ಚಿ ಹೊಳಪು ಕೊಟ್ಟಿದ್ದರೆ ಅಲ್ಲಿ ಮಿಂಚುತ್ತದೆ.

ನಮ್ಮಲ್ಲಿಗೆ ಬರುವ ಹತ್ತರಲ್ಲಿ ಎಂಟು ಹಳೇ ಕ್ಯಾಲೆಂಡರ್. ಬೇಸರ ಬೇಡ, ಅವೂ ಚಂದ.

ಬಿಳಿ ಹಕ್ಕಿ ಮಸಿ ಮಸಿ ಆಗಿದೆ. ಕೊಳೆಯಾ?

ಸೀಸದ ಬಿಳಿ ಬಣ್ಣ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಸಿಕ್ಕಿ ಕಪ್ಪಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಕೊಕ್ಕರೆಯೇ ಅಳಿಸಿಹೋಗುತ್ತದೆ.

ನಮ್ಮ ಮಳೆಗಾಲದಲ್ಲಿ ಇವನ್ನು ಕಾಪಾಡುವುದು ಹೇಗೆ?

ನಾನು ಕಳೆದುಕೊಂಡು ಕಲಿತದ್ದು ಇದು. ಕೈಯಲ್ಲಿ ಬಣ್ಣ ತುಂಬಿದ ಒಂದು ಮಿಂಚುಳ್ಳಿ ಚಿತ್ರ ನನ್ನ ಹತ್ತಿರ ಇತ್ತು. ಫ್ರೇಮ್ ಹಾಕಲು ಒಂದು ಅಂಗಡಿಗೆ ಕೊಟ್ಟೆ. ಅವರು ಪ್ಲೈವುಡ್ಡಿಗೆ ಗೋಂದು ಬಳಿದು ಪೂರಾ ಅಂಟಿಸಿಬಿಟ್ಟರು, ಗಾಜನ್ನು ಕಾಗದಕ್ಕೆ ತಾಗಿಸಿ ಕೂರಿಸಿದರು. ನಾನೂ ಖುಷಿಯಾಗಿ ಸಮುದ್ರದ ಕಡೆಯ ಗೋಡೆಗೆ ನೇತುಹಾಕಿದೆ. ಜುಲೈಯಲ್ಲಿ ಗೋಡೆ ಬೆವರಿತು. ಆಗಸ್ಟಿನಲ್ಲಿ ಮಿಂಚುಳ್ಳಿಯ ಎದೆ ಮೇಲೆ ಬೂಷ್ಟು. ಚೌತಿ ಹಬ್ಬಕ್ಕೆ ಗೋಡೆ ಒರೆಸಲು ತೆಗೆದರೆ ಹಿಂದೆ ಒರಲೆ ಮಣ್ಣಿನ ಗೆರೆ, ಬಾಲದಿಂದ ಕೊಕ್ಕಿನವರೆಗೆ.

ಈಗ ಹೀಗೆ ಮಾಡುತ್ತೇನೆ. ಹೊರಗೋಡೆಗೆ ಹಾಕುವುದಿಲ್ಲ, ಮನೆಯ ಒಳಗೋಡೆಗೆ ಮಾತ್ರ. ಗಾಜಿಗೂ ಕಾಗದಕ್ಕೂ ಮಧ್ಯೆ ದಪ್ಪ ರಟ್ಟಿನ ಚೌಕಟ್ಟು, ಅದೂ ಆಮ್ಲ ಇಲ್ಲದ ರಟ್ಟು. ಚಿತ್ರವನ್ನು ಪೂರಾ ಅಂಟಿಸುವುದಿಲ್ಲ, ಮೇಲಿನ ಅಂಚಿಗೆ ತೆಳು ಕಾಗದದ ಎರಡು ಪಟ್ಟಿ, ಮೈದಾ ಅಂಟು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಂಡು, ಗಾಳಿ ಆಡಲಿ ಅಂತ. ಬಿಸಿಲು ಬೀಳುವ ಜಾಗ ಬೇಡವೇ ಬೇಡ. ಬೆಲೆಬಾಳುವಂಥದ್ದು ಇದ್ದರೆ ಮಳೆಗಾಲಕ್ಕೆ ಮುಂಚೆ ಇಳಿಸಿ, ಕಪಾಟಿನಲ್ಲಿ ಅಡ್ಡ ಮಲಗಿಸಿ, ಸಿಲಿಕಾ ಜೆಲ್ ಇಟ್ಟುಬಿಡಿ. ಶಿರಸಿ, ಸಿದ್ದಾಪುರದವರಿಗೆ ಅಡಿಗೆಮನೆ ಅಟ್ಟ ಒಣಗಿರುತ್ತದೆ ಅನ್ನುವ ನಂಬಿಕೆ ಇದೆ. ಅಡಿಕೆಗೆ ಸರಿ, ಚಿತ್ರಕ್ಕೆ ಹೊಗೆ ಆಗುವುದಿಲ್ಲ.

ಎಲ್ಲಿ ನೋಡಬಹುದು? ನಮ್ಮ ಜಿಲ್ಲೆಯದ್ದನ್ನು ಹುಡುಕುವುದು ಹೇಗೆ?

ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಒಂದು ಜಾಲತಾಣ ಇದೆ. ಪುಕ್ಕಟೆ. ಸೊಸೈಟಿಯ ಹಳೇ ಪತ್ರಿಕೆಗಳ ಸಂಪುಟಗಳೂ ಅಲ್ಲಿವೆ. ಮೊಬೈಲಿನಲ್ಲಿ ನೋಡಬೇಡಿ, ಕಣ್ಣಿಗೆ ಅನ್ಯಾಯ.

ಹುಡುಕುವಾಗ ಉತ್ತರ ಕನ್ನಡ ಅಂತ ಹೊಡೆದರೆ ಹೆಚ್ಚೇನೂ ಸಿಗುವುದಿಲ್ಲ. ಆಗಿನವರಿಗೆ ನಾವು ನಾರ್ತ್ ಕೆನರಾ. ಅದನ್ನು ಸಿ ಅಕ್ಷರದಿಂದಲೂ ಕೆ ಅಕ್ಷರದಿಂದಲೂ ಬರೆದು ಹುಡುಕಿ. ಕಾರವಾರಕ್ಕೂ ಅದೇ ಉಪಾಯ. ಹಕ್ಕಿಯ ವೈಜ್ಞಾನಿಕ ಹೆಸರೂ ಆಗ ಬೇರೆ ಇದ್ದಿರಬಹುದು, ಹಳೇ ಹೆಸರು ಹಾಕಿ.

ಹೋಂಸ್ಟೇ ಗೋಡೆಗೆ ಪ್ರಿಂಟ್ ಹಾಕಿಸಬಹುದಾ? ಕಾಪಿರೈಟ್ ತಕರಾರು ಬರುತ್ತದಾ?

ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. 1948ರಲ್ಲಿ ತೀರಿಕೊಂಡವರದ್ದು 2008ರ ಕೊನೆಗೆ ಮುಗಿಯಿತು. ಹತ್ತೊಂಬತ್ತನೇ ಶತಮಾನದ ಪುಸ್ತಕಗಳಿಗೆ ಆ ಚಿಂತೆ ಇಲ್ಲ. ಆದರೆ ಇತ್ತೀಚಿನ ಪಕ್ಷಿ ಪುಸ್ತಕಗಳ ಚಿತ್ರ ಸ್ಕ್ಯಾನ್ ಮಾಡಿ ಹಾಕಬೇಡಿ. ಇನ್ನೊಂದು ವಿನಂತಿ, ಗೋಡೆಗೆ ಅಮೆರಿಕದ ಹಕ್ಕಿ ಯಾಕೆ? ಔಡುಬಾನ್ ಅವರ ಫ್ಲೆಮಿಂಗೊ ಚಂದವೇ. ಹಕ್ಕಿಗಳನ್ನು ನಿಜ ಗಾತ್ರದಲ್ಲೇ ಬರೆಯಬೇಕು ಅಂತ ಹಟ ಹಿಡಿದು, ಕಾಗದ ಸಾಲದೆ ಅದರ ಕತ್ತು ಬಗ್ಗಿಸಿದ್ದಾರೆ ಪುಣ್ಯಾತ್ಮರು. ಆದರೂ ಕಾಳಿ ದಂಡೆಯ ಮನೆಗೆ ಮಂಗಟ್ಟೆ ಒಪ್ಪುತ್ತದೆ.

ಮಕ್ಕಳಿಗೆ ಕಲಿಸಲು ಎಲ್ಲಿಂದ ಶುರು ಮಾಡಲಿ?

ಇದನ್ನು ಹೆಚ್ಚಾಗಿ ಶಾಲೆಯ ಅಕ್ಕೋರು ಕೇಳುತ್ತಾರೆ. ಅಕ್ಕೋರೇ, ಪುಸ್ತಕದಿಂದ ಬೇಡ, ಕರಿಬೇವಿನಿಂದ ಶುರು ಮಾಡಿ. ಒಂದು ಗಾಜಿನ ಬಾಟಲಿ, ಬಾಯಿಗೆ ತೆಳು ಬಟ್ಟೆ, ದಿನಾ ಹೊಸ ಎಲೆ. ಪ್ರತಿದಿನ ಒಂದೇ ಅಳತೆಯ ಚೌಕದಲ್ಲಿ ಹುಳುವನ್ನು ಬರೆಯಲಿ, ಪಕ್ಕದಲ್ಲಿ ತಾರೀಖು ಹಾಕಲಿ. ರಬ್ಬರ್ ಕೊಡಬೇಡಿ. ಹೀಗೆ ಮಾಡಿಸಿದಾಗ ಐದನೇ ಕ್ಲಾಸಿನ ಒಬ್ಬಳು ಹುಡುಗಿ ನಾಲ್ಕು ದಿನ ಹಿಕ್ಕೆ ಬಣ್ಣದ ಹುಳು ಬರೆದಳು. ಐದನೇ ದಿನ ಪುಸ್ತಕ ಹಿಡಿದು ಓಡಿ ಬಂದಳು. ‘ಸರ್, ನನ್ನ ಹುಳ ಯಾರೋ ಬದಲಾಯಿಸಿದಾರೆ. ಇದು ಹಸಿರು!’ ಬಾಟಲಿಯ ತಳದಲ್ಲಿ ಕಳಚಿದ ಪೊರೆ ಮುದುಡಿಕೊಂಡು ಬಿದ್ದಿತ್ತು. ಅದನ್ನೂ ಬರಿ ಅಂದೆ. ಬರೆದಳು.